ಪಟ್ಟಿಯಲ್ಲಿಲ್ಲದ ಕಾಯಿ

ಕಳೆದ ವರ್ಷ ನಮ್ಮ ಅಜ್ಜಿಯನ್ನು ಇಪ್ಪತ್ತಮೂರು ದಿನ ಅಡುಗೆಮನೆಯೊಳಗೆ ಬಿಡಲಿಲ್ಲ. ಐವತ್ತು ವರ್ಷ ಆ ಮನೆಗೆ ಬೇಯಿಸಿ ಹಾಕಿದವಳು ಹೊಸಿಲಿನ ಆಚೆ ಮಣೆ ಹಾಕಿಕೊಂಡು, ಒಳಗೆ ಏನು ನಡೆಯುತ್ತಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತ ಕೂರುತ್ತಿದ್ದಳು. ತಪ್ಪು ಮಾಡಿದ್ದು ನಾನು. ಅವಳು ಹಾಗೆ ಕೂತಿದ್ದಷ್ಟು ದಿನವೂ ನನಗೆ ಅದು ಗೊತ್ತಿತ್ತು.

ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ಮದುವೆ ಪತ್ರಿಕೆಗಳ ಮೇಲೆ ಹೆಸರು ಬರೆದಿದ್ದು ಬಿಟ್ಟರೆ ನಾನು ಪೆನ್ನು ಹಿಡಿದಿಲ್ಲ. ಆದರೂ ಇದನ್ನು ಬರೆಯಬೇಕು.

ನಮ್ಮದು ಅರಸೀಕೆರೆ ತಾಲ್ಲೂಕು. ಅಪ್ಪನದು ಕೊಬ್ಬರಿ ಕೆಲಸ. ನಾನು ಅಪ್ಪನ ಜೊತೆಗೇ ಇದ್ದೇನೆ. ನನಗೊಬ್ಬಳು ತಂಗಿ. ನಾನು ಸ್ಕೂಲು ಬಿಟ್ಟ ಎರಡು ವರ್ಷಕ್ಕೆ ಹುಟ್ಟಿದವಳು. ಸಂತೆಗೆ ಎತ್ತಿಕೊಂಡು ಹೋದರೆ ಗೊತ್ತಿಲ್ಲದವರು, "ಮಗಳು ನಿನ್ನ ಥರಾನೇ ಅವ್ಳೆ ಕಣಪ್ಪ" ಎನ್ನುತ್ತಿದ್ದರು. ನನಗೆ ಮದುವೆಯೇ ಆಗಿಲ್ಲ ಎಂದು ಎಷ್ಟು ಜನಕ್ಕೆ ಹೇಳುವುದು?

ಅವಳಿಗೆ ಎರಡು ವರ್ಷ ತುಂಬುವ ಮೊದಲೇ ಫಿಟ್ಸ್ ಶುರುವಾಯಿತು. ಸಿನಿಮಾದಲ್ಲಿ ತೋರಿಸುವಂತೆ ಕೈಕಾಲು ಒದರುವುದಲ್ಲ. ನಿಂತವಳು ನಿಂತಂತೆಯೇ ಬಿದ್ದುಬಿಡುತ್ತಿದ್ದಳು, ಯಾರೋ ಸ್ವಿಚ್ ಆರಿಸಿದ ಹಾಗೆ. ಅರೆಗಳಿಗೆಯಲ್ಲಿ ಎದ್ದು, ತನ್ನನ್ನು ಕೆಡವಿದವರು ಯಾರು ಎಂದು ಸುತ್ತ ನೋಡುತ್ತಿದ್ದಳು. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಮೂರು ಥರದ ಔಷಧಿ ಆಯಿತು. ಒಂದು ಅವಳನ್ನು ಮಲಗಿಸಿತು, ಒಂದು ಸಿಟ್ಟಿನವಳನ್ನಾಗಿ ಮಾಡಿತು, ಮೂರನೆಯದು ಏನೂ ಮಾಡಲಿಲ್ಲ. ಒಂದನೇ ಕ್ಲಾಸಿಗೆ ಸೇರಿಸಿದರೆ, "ಸ್ವಲ್ಪ ದಿನ ಮನೇಲೇ ಇಟ್ಕೊಳ್ಳಿ" ಎಂದು ಮೇಷ್ಟ್ರು ಮೆಲ್ಲಗೆ ಹೇಳಿ ಕಳಿಸಿದರು.

ಕೊನೆಗೆ ಬೆಂಗಳೂರಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಊಟದಲ್ಲೇ ಚಿಕಿತ್ಸೆ ಮಾಡೋಣ ಎಂದರು. ಅನ್ನ, ಮುದ್ದೆ, ಸಕ್ಕರೆ ಎಲ್ಲ ಹೆಚ್ಚುಕಡಿಮೆ ಬಂದ್. ಬದಲಿಗೆ ಬೆಣ್ಣೆ, ತುಪ್ಪ, ಎಣ್ಣೆ, ಕಾಯಿ. ಮೈ ಹಿಟ್ಟಿನ ಬದಲು ಕೊಬ್ಬನ್ನು ಉರಿಸುವುದಕ್ಕೆ ಕಲಿಯಬೇಕು. ಆಸ್ಪತ್ರೆಯವರು ಇದನ್ನು ಕೀಟೊ ಊಟ ಎನ್ನುತ್ತಾರೆ. ಕೆಲವು ಮಕ್ಕಳಿಗೆ ಅದರಿಂದ ಫಿಟ್ಸ್ ಕಡಿಮೆಯಾಗುತ್ತದೆ. ಯಾರೋ ಹೇಳಿದರು ಅಂತ ಮನೆಯಲ್ಲಿ ಮಾಡಿಕೊಳ್ಳುವಂಥದ್ದಲ್ಲ ಇದು. ಆಸ್ಪತ್ರೆಯಲ್ಲಿ ಇರಿಸಿಕೊಂಡೇ ಶುರು ಮಾಡಿದರು. "ಮೂರು ತಿಂಗಳು ನೋಡೋಣ" ಎಂದರು ಡಾಕ್ಟರು. "ಹಿಡೀತು ಅಂದ್ರೆ ಎರಡು ವರ್ಷ ಮುಂದುವರಿಸ್ತೀವಿ. ಇಲ್ಲ ಅಂದ್ರೆ ನಿಲ್ಲಿಸಿಬಿಡ್ತೀವಿ." ನಿಲ್ಲಿಸಿದ ಮೇಲೆ ಮುಂದೇನು ಎಂದು ಅಪ್ಪ ಕೇಳಿದ್ದಕ್ಕೆ ಅವರು ಹಳೆಯ ಔಷಧಿ ಚೀಟಿಗಳನ್ನು ಮತ್ತೆ ತಿರುವತೊಡಗಿದರು. ಬೇರೆ ದಾರಿ ಹೆಚ್ಚಿಲ್ಲ ಎಂದು ಅದರಿಂದ ನಮಗೆ ಅರ್ಥವಾಯಿತು.

ಊಟದ ಲೆಕ್ಕ ಹೇಳಿಕೊಡುವುದಕ್ಕೆ ಅಲ್ಲೊಬ್ಬರು ಮೇಡಂ ಇದ್ದರು. ನಾವು ಅವರನ್ನು ಊಟದ ಮೇಡಂ ಎನ್ನುತ್ತೇವೆ. ಅವರು ಅಪ್ಪನನ್ನು ಏನು ಕೆಲಸ ಎಂದು ಕೇಳಿದರು.

"ಕೊಬ್ಬರಿ, ಮೇಡಂ."

"ಒಳ್ಳೇದಾಯ್ತಲ್ಲ! ತೆಂಗಿನಕಾಯಿ ನಮ್ಮ ಪಟ್ಟಿಯಲ್ಲಿದೆ. ಕೊಬ್ಬರಿ ಎಣ್ಣೆನೂ ಇದೆ."

ಅಷ್ಟು ಹೊತ್ತು ಕುಗ್ಗಿ ಕೂತಿದ್ದ ಅಪ್ಪ ನೆಟ್ಟಗೆ ಕೂತರು. ಹೊರಗೆ ಬಂದ ಮೇಲೆ, "ಔಸ್ತಿನ ಅಟ್ಟದ ಮ್ಯಾಲೆ ಇಟ್ಕಂಡು ಊರೂರು ಅಲೆದ್ವಲ್ಲೋ" ಎಂದರು.

ಅಟ್ಟ ಅಂದರೆ ಕೊಬ್ಬರಿ ಅಟ್ಟ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದಕ್ಕೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ನೀರು ತಾನಾಗಿ ಆರಿ, ಕಾಯಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೇ ಗುಡುಗುಡು ಉರುಳುತ್ತದೆ. ಆಗ ಸುಲಿದು ಒಡೆದರೆ ಕೊಬ್ಬರಿ.

ಮನೆಗೆ ಬಂದ ಮೇಲೆ ತೂಕದ ಗಲಾಟೆ ಶುರುವಾಯಿತು. ತಂಗಿಯ ಪ್ರತಿ ತುತ್ತೂ ಗ್ರಾಂ ಲೆಕ್ಕ. ಅಂಗೈಯಗಲದ ಒಂದು ತಕ್ಕಡಿ ತಂದೆವು. ಮೂಟೆ ತೂಗುವ ಮನೆಗೆ ಅದು ಆಟದ ಸಾಮಾನು. ಅಪ್ಪನಿಗೆ ಅದರ ಮೇಲೆ ಮೊದಲ ದಿನವೇ ಹಗೆ ಬೆಳೆಯಿತು. "ಮೂಟೆ ಎತ್ತಿ ನೋಡಿ ಎಷ್ಟು ಕೇಜಿ ಅಂತೀನಿ, ಈ ಬೆಣ್ಣೆ ಹೇಳಕ್ಕಾಗಲ್ವ? ಇಲ್ಲಿ ಕೊಡೆ." ಬೆಣ್ಣೆಯ ಬಟ್ಟಲನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. "ಹದಿನೆಂಟು."

ಅಮ್ಮ ತಕ್ಕಡಿಗೆ ಹಾಕಿದಳು. ಇಪ್ಪತ್ತೊಂದು.

"ತಕ್ಕಡಿ ಕೆಟ್ಟೈತೆ."

"ನಿನ್ನೆ ತಂದಿದ್ದು ಕಣ್ರೀ."

"ನಿನ್ನೆನೇ ಕೆಟ್ಟಿತ್ತು."

ಅಜ್ಜಿಯ ತೊಂದರೆ ಬೇರೆ. ತೂಕ ಆದ ಮೇಲೆ ಮೇಲಿಷ್ಟು ಕೊಸರು ಹಾಕದೆ ಯಾರಿಗೂ ಏನನ್ನೂ ಕೊಟ್ಟವಳಲ್ಲ. "ತೂಗಿದ್ದಷ್ಟೇ ಹಾಕದು ಅಂದ್ರೇನೆ? ಬೇರೇರಿಗೇ ಕೊಸರು ಹಾಕ್ತೀವಿ, ಮನೆ ಮಗೀಗೆ ಬ್ಯಾಡ್ವ?" ಎಂದು, ಅಮ್ಮ ಆಚೆ ತಿರುಗಿದಾಗ ತಟ್ಟೆಗೆ ಒಂದು ಚಿಟಿಕೆ ಕಾಯಿತುರಿ ಉದುರಿಸಿಬಿಡುತ್ತಿದ್ದಳು. ಎರಡು ಸಲ ಸಿಕ್ಕಿಬಿದ್ದಳು. ಎರಡನೇ ಸಲ ಅಮ್ಮ ಕಣ್ಣೀರು ಹಾಕಿದ್ದು ನೋಡಿ, ಇನ್ನು ಹಾಕುವುದಿಲ್ಲ ಎಂದು ಲಿಂಗ ಮುಟ್ಟಿ ಆಣೆ ಮಾಡಿದಳು.

ತಟ್ಟೆಗೆ ಅಂಟಿದ ಬೆಣ್ಣೆಯೂ ಹೊಟ್ಟೆಗೇ ಹೋಗಬೇಕಿತ್ತು. ನಾನು ಸಣ್ಣವನಿದ್ದಾಗ ತಟ್ಟೆ ನೆಕ್ಕಿದ್ದಕ್ಕೆ ಸೌಟಿನಲ್ಲಿ ಹೊಡೆದಿದ್ದ ಅದೇ ಅಜ್ಜಿ ಈಗ ಎದುರಿಗೆ ಕೂತು, "ನೆಕ್ಕವ್ವ, ಆ ಮೂಲೇಲೈತೆ ನೋಡು, ನೆಕ್ಕು" ಎನ್ನುತ್ತಿದ್ದಳು.

ದಿನಾ ಬೆಳಿಗ್ಗೆ ತಂಗಿಯ ಮೂತ್ರಕ್ಕೆ ಒಂದು ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಬೇಕು. ಗಾಢ ನೇರಳೆ ಬಂದರೆ ಮೈ ಕೊಬ್ಬು ಉರಿಸುತ್ತಿದೆ ಎಂದು ಅರ್ಥ. ಮಾಸಿದರೆ ಎಲ್ಲೋ ಎಡವಟ್ಟಾಗಿದೆ. ಜಗಲಿಯ ಮೇಲೆ ಹಲ್ಲುಜ್ಜುತ್ತ ಕೂತ ಅಪ್ಪ, ಮಾರ್ಕೆಟ್ಟಿನ ಸುದ್ದಿ ಕೇಳುವವರಂತೆ, "ಇವತ್ತು ಹೆಂಗೈತೆ?" ಎಂದು ಕೂಗುತ್ತಿದ್ದರು. ಅಮ್ಮ ಬಚ್ಚಲಿನಿಂದ, "ನೇರಳೆ ಹಣ್ಣು!" ಎನ್ನುತ್ತಿದ್ದಳು. ಆ ದಿನ ಮನೆಯಲ್ಲಿ ಹಬ್ಬ.

ನೇರಳೆ ಬಣ್ಣ ದಿನಾ ಬರತೊಡಗಿತು. ಐದನೇ ವಾರದ ಹೊತ್ತಿಗೆ ತಂಗಿ ಬೀಳುವುದು ದಿನಕ್ಕೆ ಒಂದೋ ಎರಡೋ ಸಲಕ್ಕೆ ಇಳಿಯಿತು. ಮೇಷ್ಟ್ರು ತಾವೇ ಮನೆಗೆ ಬಂದು, ಕಳಿಸಿ ಎಂದರು. ಡಬ್ಬಿಯಲ್ಲಿ ತೂಗಿದ ಊಟ ಇಟ್ಟುಕೊಂಡು ಅವಳು ಸ್ಕೂಲಿಗೆ ಹೊರಟಳು. ಆ ದಿನ ಅಜ್ಜಿ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ, "ನಮ್ ಕೂಸು ಇಸ್ಕೂಲ್ಗೆ ಹೋಯ್ತು" ಎಂದು ಹೇಳಿಕೊಂಡು ಬಂದಳು.

ಇನ್ನು ನನ್ನ ವಿಷಯ.

ಅಟ್ಟದಲ್ಲಿರುವ ಕಾಯಿಗಳಲ್ಲಿ ಕೆಲವು ಮೊಳೆತುಬಿಡುತ್ತವೆ. ಅಂಥವನ್ನು ಆರಿಸಿ ತೆಗೆಯುವುದು ನನ್ನ ಕೆಲಸ. ಮೊಳೆತ ಕಾಯಿ ಒಡೆದರೆ ಒಳಗೆ ನೀರಿರುವ ಜಾಗದಲ್ಲಿ ಹತ್ತಿಯ ಉಂಡೆಯಂಥ ಬೆಳ್ಳನೆಯ ಗಡ್ಡೆ ಇರುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಹೂವು ಎನ್ನುತ್ತೇವೆ. ಬಾಯಿಗೆ ಹಾಕಿದರೆ ಕರಗುತ್ತದೆ. ಒಂದು ಮಧ್ಯಾಹ್ನ ಒಂದನ್ನು ಒಡೆದು ತಿನ್ನುತ್ತಿದ್ದೆ. ಸ್ಕೂಲಿನಿಂದ ಬಂದ ತಂಗಿ ಏಣಿಯ ಬುಡದಲ್ಲಿ ನಿಂತು ನೋಡುತ್ತಿದ್ದಳು.

"ಅಣ್ಣ, ಅದು ಕಾಯಿ ತಾನೆ?"

"ಹೂಂ."

"ಕಾಯಿ ನನ್ ಪಟ್ಟಿಲೈತೆ."

"ಐತೆ."

"ಮತ್ತೆ?"

ಲಾಯರು ಕೂಡ ಹಾಗೆ ಕೇಳುವುದಿಲ್ಲ. ಅಮ್ಮ ಹತ್ತು ಹೆಜ್ಜೆ ದೂರದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಕೂಗಿ ಕೇಳಬಹುದಿತ್ತು. ಕೇಳಲಿಲ್ಲ. ಕಾಯಿಯೊಳಗಿರುವುದೆಲ್ಲ ಕಾಯಿಯೇ ಎಂದು ನನಗೆ ನಾನೇ ಹೇಳಿಕೊಂಡು ಹೆಬ್ಬೆರಳಷ್ಟು ಮುರಿದು ಕೊಟ್ಟೆ.

ತಿಳಿಯದೆ ಕೊಟ್ಟೆ ಎಂದು ಬರೆದುಬಿಡಬಹುದು. ಅದು ಪೂರ್ತಿ ನಿಜವಲ್ಲ. ಅದು ಸಿಹಿ. ಚಿಕ್ಕಂದಿನಿಂದ ಮಿಠಾಯಿಯಂತೆ ತಿಂದವನು ನಾನು. ತಲೆಗೆ ಗೊತ್ತಿಲ್ಲದಿದ್ದರೂ ನಾಲಿಗೆಗೆ ಗೊತ್ತಿತ್ತು. ಆದರೆ ಆ ದಿನಗಳಲ್ಲಿ ಅವಳು ಮನೆಯವರನ್ನೆಲ್ಲ ಪೊಲೀಸರನ್ನು ನೋಡುವಂತೆ ನೋಡುತ್ತಿದ್ದಳು. ನನ್ನೊಬ್ಬನನ್ನಾದರೂ ಹಾಗೆ ನೋಡದಿರಲಿ ಎಂಬ ಆಸೆ ನನಗೆ. ಅವಳು ಕಣ್ಣು ಮುಚ್ಚಿಕೊಂಡು ಚೀಪಿ, "ಅಣ್ಣ, ನೀನು ಒಳ್ಳೇವ್ನು" ಎಂದಳು. ಅಷ್ಟಕ್ಕೆ ನಾನು ಬಿದ್ದುಹೋದೆ.

ಮಾರನೇ ದಿನವೂ ಬಂದಳು. ಹೆಬ್ಬೆರಳಷ್ಟಿದ್ದದ್ದು ನಿಂಬೆಹಣ್ಣಷ್ಟಾಯಿತು, ಆಮೇಲೆ ಅರ್ಧ ಹೂವು. ಎರಡು ವಾರದೊಳಗೆ ಅಮ್ಮನ ಬೆಳಗಿನ ಕೂಗು ಬದಲಾಯಿತು. "ಯಾಕೋ ಗುಲಾಬಿ ಕಣ್ರೀ." ಆಮೇಲೆ ಕೂಗುವುದನ್ನೇ ಬಿಟ್ಟಳು. ತಂಗಿ ಮತ್ತೆ ಬೀಳತೊಡಗಿದಳು. ಸ್ಕೂಲಿನ ನಲ್ಲಿಯ ಹತ್ತಿರ ಬಿದ್ದು ಗಲ್ಲ ಒಡೆದುಕೊಂಡಳು. ಮೂರು ಹೊಲಿಗೆ. ಮೇಷ್ಟ್ರು ಇನ್ನೂ ಮೆಲ್ಲಗೆ, ಸ್ವಲ್ಪ ದಿನ ಮನೆಯಲ್ಲೇ ಇರಲಿ ಎಂದರು.

ಮನೆಯಲ್ಲಿ ತನಿಖೆ ಶುರುವಾಯಿತು. ಟೂತ್‌ಪೇಸ್ಟು ಬದಲಾಯಿಸಿದರು. ಅಪ್ಪ ಊಟದ ಮೇಡಂಗೆ ಫೋನು ಮಾಡಿ, "ಮೇಡಂ, ಇಬೂತಿಲಿ ಸಕ್ರೆ ಇರುತ್ತಾ? ಹಣೆಗೆ ಹಚ್ಚಿದ್ರೆ ಒಳೀಕೆ ಇಳಿಯುತ್ತಾ?" ಎಂದು ಕೇಳಿದರು. ಆ ಕಡೆ ಅವರು ನಕ್ಕಿದ್ದು ನನಗೂ ಕೇಳಿಸಿತು. ಕೊನೆಗೆ ಎಲ್ಲರ ಕಣ್ಣು ಅಜ್ಜಿಯ ಮೇಲೆ ಬಿತ್ತು. ಕೊಸರಿನ ಅಜ್ಜಿ. ಎರಡು ಸಲ ಸಿಕ್ಕಿಬಿದ್ದವಳು.

"ಅತ್ತೆ, ನೀವು ಸ್ವಲ್ಪ ದಿನ ಅಡುಗೆಮನೆಗೆ ಬರಬೇಡಿ" ಎಂದಳು ಅಮ್ಮ, ನೆಲ ನೋಡುತ್ತ.

"ನನ್ ಮನೇಲಿ ನಂಗೇ ಬಾಗ್ಲು ತೋರಿಸ್ತೀಯೇನೆ? ಎಲ್ಡು ಸಲ ಹಾಕಿದ್ದು ನಿಜ. ಆಮ್ಯಾಕೆ ಸಿವನಾಣೆಗೂ ಇಲ್ಲ!"

ನಾನು ಅಲ್ಲೇ ನಿಂತಿದ್ದೆ. ತುಂಬಿದ ಕೊಡವನ್ನು ಎತ್ತಿಕೊಂಡು ನೀರು ತರುವವನಂತೆ ಹೊರಗೆ ಹೋದೆ.

ಅವತ್ತೇ ಹೂವು ಕೊಡುವುದನ್ನು ನಿಲ್ಲಿಸಿದೆ. ಎರಡು ದಿನ ನಿಂತಿತು. ಮೂರನೇ ದಿನ ತಂಗಿ ಏಣಿಯ ಹತ್ತಿರ ಬಂದು ಕೈ ಚಾಚಿದಳು.

"ಮುಗೀತು ಕಣೆ" ಎಂದೆ.

ಅವಳು ತಲೆಯೆತ್ತಿ, ಸೂರಿನವರೆಗೆ ಒಟ್ಟಿದ್ದ ಕಾಯಿಗಳನ್ನು ನಿಧಾನವಾಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಅಮ್ಮಂಗೆ ಹೇಳ್ಲಾ?"

"ಏನಂತ?"

"ಅಣ್ಣ ದಿನಾ ಕೊಡ್ತಿದ್ದ ಅಂತ."

ಆರು ವರ್ಷದವಳಿಗೆ ಹೆದರಿ ಕಾಯಿ ಒಡೆದೆ. "ಇಷ್ಟೇನಾ?" ಎಂದಳು. ಇನ್ನಷ್ಟು ಕೊಟ್ಟೆ.

ಇಲ್ಲಿಯವರೆಗೆ ಬರೆದದ್ದನ್ನು ಜನ ನಕ್ಕು ಕ್ಷಮಿಸಿಬಿಡಬಹುದು. ಇನ್ನೊಂದಿದೆ. ಒಂದು ಸಂಜೆ ನಾನು ಕೈಕಾಲು ತೊಳೆದು ಒಳಗೆ ಬರುವಾಗ, ಮಣೆಯ ಮೇಲಿದ್ದ ಅಜ್ಜಿ ನನ್ನ ಪಂಚೆಯ ಅಂಚು ಹಿಡಿದು ಕೂರಿಸಿಕೊಂಡಳು. ಮೆಲ್ಲಗೆ ಕೇಳಿದಳು: "ಲೋ ಮಗ, ನಾನೇ ಮರೆತು ಏನಾರ ಕೊಟ್ಬಿಟ್ನೇನ್ಲಾ? ವಯಸ್ಸಾಯ್ತು. ಒಂದೊಂದ್ ಸಲ ಗ್ಯಾನ ಇರಕಿಲ್ಲ."

ನಾನು, "ಇರಬೌದು ಅಜ್ಜಿ" ಎಂದೆ.

ಹೂವು ಕೊಟ್ಟಿದ್ದಕ್ಕಿಂತ ಆ ಮಾತು ಕೆಟ್ಟದ್ದು. ಅವಳು ತಲೆಯಾಡಿಸಿದಳು. ಅವತ್ತಿನಿಂದ ಅಮ್ಮನ ಜೊತೆ ಜಗಳ ಆಡುವುದನ್ನೂ ಬಿಟ್ಟಳು.

ಮೂರು ತಿಂಗಳು ತುಂಬಿತು. ಅರಸೀಕೆರೆಯಲ್ಲಿ ಬೆಳಗಿನ ರೈಲು ಹತ್ತಿದೆವು. ಅಜ್ಜಿ, "ನಾನೂ ಬತ್ತೀನಿ" ಎಂದು ಹಟ ಮಾಡಿ ಬಂದಳು. ಎದುರಿಗೆ ಕೂತ ಹೆಂಗಸು ತಂಗಿಗೆ ಕಡಲೆಕಾಯಿ ಮಿಠಾಯಿ ಚಾಚಿದರು. ತಂಗಿ ಕೈ ಹಿಂದಕ್ಕೆ ಕಟ್ಟಿಕೊಂಡು, "ಬೇಡ ಆಂಟಿ, ನಾನು ಕೀಟೊ" ಎಂದಳು. ಅಟ್ಟದ ಕೆಳಗೆ ಬಿಟ್ಟರೆ ಬೇರೆಲ್ಲೂ ಅವಳು ನಿಯಮ ಮುರಿದವಳಲ್ಲ.

ಆ ಹೆಂಗಸು ಅಜ್ಜಿಯ ಕಡೆ ಬಾಗಿ, "ಕೀಟೊ ಅಂದ್ರೆ ಯಾವ ಜನ?" ಎಂದು ಕೇಳಿದರು.

"ನಾವು ಲಿಂಗಾಯ್ತರು ಕಣವ್ವ. ಇವಳೊಬ್ಳು ಕೀಟೊ" ಎಂದಳು ಅಜ್ಜಿ.

ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮ ಬರೆದಿಟ್ಟಿದ್ದ ಡೈರಿಯನ್ನು ತಿರುವಿ ನೋಡಿದರು. ಊಟದ ಮೇಡಂ ಪಕ್ಕದಲ್ಲಿದ್ದರು. "ಮೊದಲು ಚೆನ್ನಾಗಿ ಹಿಡಿದಿತ್ತು. ಆಮೇಲೆ ಬಿಟ್ಟುಹೋಗಿದೆ" ಎಂದರು ಡಾಕ್ಟರು. "ಕೆಲವು ಮಕ್ಕಳಲ್ಲಿ ಹೀಗಾಗುತ್ತೆ. ಮಗೂಗೆ ಸುಮ್ಮನೆ ಕಷ್ಟ ಕೊಡೋದು ಬೇಡ. ನಿಧಾನವಾಗಿ ನಿಲ್ಲಿಸೋಣ."

ಅಮ್ಮ ಮೇಜಿನ ಮೇಲಿದ್ದ ಡೈರಿಯನ್ನು ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡಳು.

ಅಜ್ಜಿ ಎದ್ದು ನಿಂತು ಕೈ ಮುಗಿದಳು. "ಸ್ವಾಮಿ, ನಿಲ್ಲಿಸ್ಬ್ಯಾಡಿ. ತಪ್ಪು ನಂದು. ಕದ್ದು ಕೊಟ್ಟೋಳು ನಾನು. ನಾನು ಬಾಣಾವರಕ್ಕೆ ಮಗಳ ಮನೇಗೆ ಹೋಯ್ತೀನಿ, ಇನ್ ಆ ಕಡೀಕೆ ತಲೆ ಹಾಕಕಿಲ್ಲ. ಊಟ ನಿಲ್ಲಿಸ್ಬ್ಯಾಡಿ."

"ಏನು ಕೊಟ್ರಿ ಅಜ್ಜಿ?" ಎಂದು ಮೇಡಂ ಪೆನ್ನು ತೆಗೆದರು.

ಅಜ್ಜಿ ಅದನ್ನು ಯೋಚಿಸಿಕೊಂಡು ಬಂದಿರಲಿಲ್ಲ. ನಮ್ಮನ್ನೆಲ್ಲ ಒಂದು ಸಲ ನೋಡಿದಳು. "ಮುದ್ದೆ" ಎಂದಳು.

"ಎಷ್ಟು?"

"ಒಂದ್ ಅರ್ಧ."

"ಸುಳ್ಳು!" ಎಂದಳು ತಂಗಿ. "ಅಜ್ಜಿ ಮುದ್ದೆ ಕೊಡ್ಲೇ ಇಲ್ಲ. ಎಷ್ಟು ಕೇಳಿದ್ರೂ ಕೊಡ್ಲಿಲ್ಲ."

"ಸುಮ್ಕಿರೇ ನೀನು!" ಎಂದು ಗದರಿದಳು ಅಜ್ಜಿ. ಅವಳ ಕೈ ಇನ್ನೂ ಮುಗಿದೇ ಇತ್ತು.

ಆಗ ನಾನು ಬಾಯಿ ಬಿಟ್ಟೆ. ಧೈರ್ಯ ಬಂದು ಅಲ್ಲ. ಮುದುಕಿ ಮಾಡದ ತಪ್ಪನ್ನು ಇಷ್ಟು ಕೆಟ್ಟದಾಗಿ ಒಪ್ಪಿಕೊಳ್ಳುವುದನ್ನು ನೋಡಲಾಗಲಿಲ್ಲ. "ನಾನು ಸರ್. ಮೊಳೆತ ಕಾಯಿ ಹೂವು. ದಿನಾ ಕೊಟ್ಟೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. "ಯಾವ ಹೂವು? ದೇವರಿಗೆ ಹಾಕೋದಾ?"

ಮೇಡಂ ಕಾಗದ ಕೊಟ್ಟರು. ಕಾಯಿ, ಮೊಳಕೆ, ಒಳಗಿನ ಗಡ್ಡೆ ಎಲ್ಲ ಬರೆದು ತೋರಿಸಿದೆ. ಸ್ಕೂಲಿನಲ್ಲಿ ಅಷ್ಟು ಚೆನ್ನಾಗಿ ಚಿತ್ರ ಬರೆದಿದ್ದರೆ ಪಾಸಾಗುತ್ತಿದ್ದೆನೇನೋ.

"ಸಿಹಿ ಇರುತ್ತಾ?" ಎಂದರು ಮೇಡಂ.

"ಇರುತ್ತೆ."

"ಗಿಡ ತನ್ನ ಮೊಳಕೆಗೆ ಅಂತ ಮಾಡ್ಕೊಂಡಿರೋ ಸಕ್ಕರೆ ಅದು. ಕಾಯಿಯಲ್ಲಿರೋ ಕೊಬ್ಬಲ್ಲ. ದಿನಕ್ಕೆ ಎಷ್ಟು ಗ್ರಾಂ ಕೊಟ್ರಿ?"

"ತೂಗಲಿಲ್ಲ."

ಅಪ್ಪ ನನ್ನ ಕಡೆ ತಿರುಗಿದರು. "ಸೌತೆಕಾಯಿನ ಬೀಜದ್ ಲೆಕ್ಕದಲ್ಲಿ ತೂಗೋ ಮನೇಲಿ, ತೂಗಲಿಲ್ವೇನ್ಲಾ?" ಅವರು ಹೇಳಿದ್ದು ಅಷ್ಟೇ. ಮನೆಗೆ ಹೋದ ಮೇಲೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ತಂಗಿ ಅಳತೊಡಗಿದಳು. "ಅಣ್ಣ ಹೇಳ್ಬಿಟ್ಟ! ನಾನು ಹೇಳ್ಲಿಲ್ಲ, ಅವನೇ ಹೇಳ್ಬಿಟ್ಟ!"

ಮೇಡಂ ನಗು ತಡೆದುಕೊಂಡರು. "ನಿಮ್ಮಂಥ ಅಣ್ಣಂದಿರು ನನಗೆ ವಾರಕ್ಕೊಬ್ಬರು ಸಿಗ್ತಾರೆ. ಅವರೆಲ್ಲ ಚಾಕಲೇಟಿನವರು. ನೀವು ಹೊಸ ನಮೂನೆ." ಡಾಕ್ಟರು ನಗಲಿಲ್ಲ. ಊಟ ಹಿಡಿಯಲಿಲ್ಲ ಎಂದುಕೊಂಡು ಇನ್ನೊಂದು ಔಷಧಿ ಸೇರಿಸುವುದರಲ್ಲಿದ್ದೆ, ಇದು ಗೊತ್ತಾಗದೆ ಹೋಗಿದ್ದರೆ ಈ ಮಗುವಿನ ದಾರಿಯೇ ತಪ್ಪುತ್ತಿತ್ತು ಎಂದರು. ಆಮೇಲೆ ಡೈರಿಯನ್ನು ಇನ್ನೊಂದು ಸಲ ತೆರೆದು ನೋಡಿ, ಅಮ್ಮನ ಕಡೆ ತಳ್ಳಿ, "ಹಾಗಾದ್ರೆ ನಾವು ಸರಿಯಾಗಿ ಪರೀಕ್ಷೆ ಮಾಡೇ ಇಲ್ಲ ಅಂತಾಯ್ತು. ಮುಂದುವರಿಸಿ. ಇನ್ನೊಂದು ತಿಂಗಳು ನೋಡೋಣ" ಎಂದರು.

ವಾಪಸ್ಸು ರೈಲಿನಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಒಂದು ಕಡೆ ಕೂತರು. ತುಮಕೂರು ದಾಟಿದ ಮೇಲೆ ಅಜ್ಜಿ ಬಾಯಿ ತೆಗೆದಳು.

"ದಿನಾ ಒಡೀತಿದ್ದೇನ್ಲಾ?"

"ಹೂಂ ಅಜ್ಜಿ."

"ಹತ್ತಿ ಹಂಗೆ ಮೆತ್ತಗಿರುತ್ತೆ ಅದು. ನಂಗೆ ಹಲ್ಲಿಲ್ಲ. ಒಂದಿನಾನೂ ನಂಗೆ ಕೊಡ್ಬೇಕು ಅನ್ನಿಸ್ಲಿಲ್ವಲ್ಲೋ, ಮನೆಹಾಳ."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಇದೇ ಸಮಯ ಎಂದುಕೊಂಡು ನಾನು, "ಅಜ್ಜಿ, ನೀನು ಅವತ್ತು ಕೇಳಿದಾಗ, ಇರಬೌದು ಅಂತ ನಾನು..." ಎಂದು ಶುರು ಮಾಡಿದೆ. ಅವಳು ಕಿಟಕಿಯ ಕಡೆ ತಿರುಗಿಬಿಟ್ಟಳು. "ಅದ್ ಮಾತ್ ಆಡ್ಬ್ಯಾಡ" ಎಂದಳು. ಇವತ್ತಿಗೂ ಆಡುವುದಕ್ಕೆ ಬಿಟ್ಟಿಲ್ಲ.

ಅಜ್ಜಿ ಅಡುಗೆಮನೆಗೆ ಮರಳಿದಳು. ಮೊಳೆತ ಕಾಯಿ ಈಗ ಸಿಕ್ಕಿದ ದಿನವೇ ಸಸಿ ಮಾಡುವವರ ಮನೆಗೆ ಹೋಗುತ್ತದೆ, ಒಡೆಯದೆ. ಹತ್ತು ಹನ್ನೆರಡು ದಿನಕ್ಕೆ ಬಣ್ಣ ಗಾಢವಾಯಿತು. ತಿಂಗಳು ಕಳೆಯುವ ಹೊತ್ತಿಗೆ ತಂಗಿ ಬೀಳುವುದು ಮೂರು ದಿನಕ್ಕೊಮ್ಮೆಗೆ ಇಳಿಯಿತು. ಆಮೇಲೆ ಒಂದು ವಾರ ಇಡೀ ಬೀಳಲಿಲ್ಲ. ಪೂರ್ತಿ ನಿಂತಿದೆ ಎಂದು ನಾನು ಹೇಳುವುದಿಲ್ಲ, ಹೇಳಲು ಭಯ. ಸ್ಕೂಲಿಗೆ ಹೋಗುತ್ತಿದ್ದಾಳೆ. ನನ್ನ ಜೊತೆ ಮಾತು ಮಾತ್ರ ಅಷ್ಟಕ್ಕಷ್ಟೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಡಾಕ್ಟರು ಮುಂದುವರಿಸಿ ಎಂದ ಮೇಲೆ, ಮೇಡಂ ಹೊಸದಾಗಿ ಅಚ್ಚು ಹಾಕಿಸಿದ ಹಾಳೆಯೊಂದನ್ನು ಕೊಟ್ಟರು. ತಿನ್ನಬಾರದ್ದರ ಪಟ್ಟಿ. ಸಕ್ಕರೆ, ಬೆಲ್ಲ, ಜೇನುತುಪ್ಪ ಎಂದೆಲ್ಲ ಇತ್ತು. ಕೊನೆಯ ಸಾಲು ಹೊಸದು: ಮೊಳೆತ ತೆಂಗಿನಕಾಯಿಯೊಳಗಿನ ಹೂವು.

ಹೊರಗೆ ಬೆಂಚಿನ ಮೇಲೆ ತಿಪಟೂರಿನ ಕಡೆಯ ತಾಯಿಯೊಬ್ಬರು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಹಾಳೆಯನ್ನು ಓದುತ್ತಿದ್ದರು. ಅವರಿಗೆ ಹೊಸದಾಗಿ ಶುರು ಮಾಡಿದ್ದರು. ಕೊನೆಯ ಸಾಲಿಗೆ ಬಂದು ನಿಂತು, ಅಮ್ಮನಿಗೆ ಹೇಳಿದರು: "ಇದ್ಯಾಕೆ ಬರ್ದವ್ರೆ ನೋಡಿ. ಯಾರೋ ಪುಣ್ಯಾತ್ಮ ಕೊಟ್ಟೇ ಇರ್ಬೇಕು. ಇಲ್ದಿದ್ರೆ ಇವ್ರಿಗೆಂಗೆ ಗೊತ್ತಾಗ್ಬೇಕು?"

ಅಮ್ಮ ತನ್ನ ಕೈಲಿದ್ದ ಹಾಳೆಯನ್ನು ಮಡಿಸಿದಳು. ಅಪ್ಪ ಚಪ್ಪಲಿ ನೋಡಿಕೊಂಡರು. ತಂಗಿ ಬೆಂಚಿನಿಂದ ಇಳಿದು ಬಂದು ನನ್ನ ಅಂಗಿ ಹಿಡಿದು ಎಳೆದಳು.

"ಇವ್ನೇ ಆಂಟಿ, ನಮ್ಮಣ್ಣ" ಎಂದಳು.

ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಮಗನನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಕೂರಿಸಿಕೊಂಡರು.